ಐದಚ್ಚು ಬೆಲ್ಲದ ಟ್ರಿಗರ್

ದೇವರು ನನಗೆ ದನಿ ಕೊಡುವಾಗ ಧಾರಾಳವಾಗಿದ್ದ. ಕೈಗೆ ಬಲ ಕೊಡುವಾಗ ಯಾಕೋ ಜಿಪುಣತನ ಮಾಡಿಬಿಟ್ಟ. ಗೋಕುಲಾಷ್ಟಮಿಗೆ ಚಕ್ಕುಲಿ ಒತ್ತಿಕೊಡಿ ಅಂತ ಹೆಂಡತಿ ಕೂರಿಸಿದರೆ, ಒರಳಿನಿಂದ ಹಿಟ್ಟು ಹೊರಬರುವ ಮೊದಲು ನನ್ನ ನಾಲಿಗೆ ಹೊರಬರುತ್ತಿತ್ತು. "ಏಳಿ, ನೀವು ಲೆಕ್ಕ ಹೇಳಿಕೊಡೋಕೇ ಸರಿ" ಅಂತ ಅವಳು ಎಬ್ಬಿಸಿ ಕಳಿಸುತ್ತಿದ್ದಳು. ಇಂಥವನ ಕೈಗೆ ಎಪ್ಪತ್ತರ ದಶಕದಲ್ಲಿ ಒಂದು ರಿವಾಲ್ವರ್ ಬಂತು! ಗಾಬರಿಯಾಗಬೇಡಿ. ಓಟದ ಸ್ಪರ್ಧೆ ಶುರುಮಾಡಲು ಹೊಡೆಯುತ್ತಾರಲ್ಲ, ಅದು. ಗುಂಡಿಲ್ಲ, ಸದ್ದಿನ ಕ್ಯಾಪು ಮಾತ್ರ. ಮಳವಳ್ಳಿಯ ನಮ್ಮ ಹೈಸ್ಕೂಲಿನ ಡ್ರಿಲ್ ಮೇಷ್ಟ್ರಿಗೆ ವರ್ಗವಾಗಿ, ಬದಲಿಗೆ ಯಾರೂ ಬರದೆ, ಹೆಡ್‌ಮಾಸ್ಟರು ಅದನ್ನು ನನ್ನ ಮೇಜಿನ ಮೇಲಿಟ್ಟು, "ನಿಮಗೆ ದನಿ ಇದೆಯಲ್ಲ ಸ್ವಾಮಿ, ಇನ್ನೇನು ಬೇಕು?" ಅಂದರು.

ಬೇಕಾಗಿದ್ದದ್ದು ಬೆರಳು. ಆ ಟ್ರಿಗರ್ ಅಷ್ಟು ಬಿಗಿ. 'ಗೆಟ್ ಸೆಟ್' ಅಂದ ಮೇಲೆ ಒತ್ತಲು ಶುರುಮಾಡಿದರೆ ಮಕ್ಕಳು ಬಗ್ಗಿಕೊಂಡೇ ಮುದುಕರಾಗಬೇಕು. ಹಾಗಾಗಿ 'ಆನ್ ಯುವರ್ ಮಾರ್ಕ್' ಅನ್ನುವಾಗಲೇ ಹಲ್ಲು ಕಚ್ಚಿ ಒತ್ತಲು ಹತ್ತುವುದು ನನಗೆ ರೂಢಿಯಾಯಿತು. ಆದರೂ ಮೊದಲ ವರ್ಷದ ತಾಲ್ಲೂಕು ಪಂದ್ಯದಲ್ಲಿ ಅನಾಹುತವಾಯಿತು. ನಮ್ಮ ಶಾಲೆಯಲ್ಲಿ ಒಂಬತ್ತನೆಯ ತರಗತಿಯ ಸಿದ್ದಮ್ಮ ಅಂತ ಒಬ್ಬಳಿದ್ದಳು, ಮುತ್ತತ್ತಿ ಕಡೆಯವಳು. ಕಾಲಿಗೆ ಚಪ್ಪಲಿ ಇಲ್ಲದಿದ್ದರೂ ಓಡಿದರೆ ಧೂಳು ಮಾತ್ರ ಕಾಣುತ್ತಿತ್ತು. ನೂರು ಮೀಟರಿನಲ್ಲಿ ನಾನು ಒತ್ತಿಯೇ ಒತ್ತಿದೆ. ಪಿಸ್ತೂಲು ಢಂ ಅನ್ನಲಿಲ್ಲ. ಬಗ್ಗಿ ನಿಂತು ನಿಂತು ತಾಳಲಾರದೆ ಅವಳು ಹಾರಿಬಿಟ್ಟಳು. ಎರಡನೇ ಸಲವೂ ಹಾಗೇ ಆಯಿತು. ಎರಡು ಸಲ ಮುಂಚೆ ಓಡಿದವರು ಪಂದ್ಯದಿಂದ ಹೊರಕ್ಕೆ. ಹೊರಗೆ ಕಳಿಸಿದವನು ನಾನೇ. ತಪ್ಪು ನನ್ನ ಬೆರಳಿನದು, ಅತ್ತವಳು ಅವಳು. ಮಂಡ್ಯದ ಜಿಲ್ಲಾ ಪಂದ್ಯಕ್ಕೆ ಹೋಗಲು ಅವಳಿಗೆ ಉಳಿದಿದ್ದದ್ದು ಎಸ್ಸೆಸ್ಸೆಲ್ಸಿಯ ಒಂದೇ ವರ್ಷ.

ಈ ಟ್ರಿಗರನ್ನು ಹಗುರ ಮಾಡಲೇಬೇಕು ಅಂತ ಒಂದು ಭಾನುವಾರ ಪಿಸ್ತೂಲು ಬಿಚ್ಚಿ, ಒಳಗಿನ ಸ್ಪ್ರಿಂಗನ್ನು ಎರಡು ಸುತ್ತು ಕತ್ತರಿಸಿ ಬಿಸಾಕಿದೆ. ಅಬ್ಬಬ್ಬಾ, ಏನು ಹಗುರ! ಬೆಣ್ಣೆ. ಆದರೆ ಕ್ಯಾಪು ಹಾಕಿ ಒತ್ತಿದರೆ 'ಟಿಕ್' ಅಂತು, ಅಷ್ಟೇ. ಹತ್ತರಲ್ಲಿ ನಾಲ್ಕು ಮಾತ್ರ ಹಾರಿದವು. "ಮೊದಲು ಕಷ್ಟಪಟ್ಟಾದರೂ ಹೊಡೀತಿತ್ತು" ಅಂತ ಹೆಂಡತಿ ಸಮಾಧಾನ ಹೇಳಿದಳು.

ಕೊನೆಗೆ ಬಸ್ಸು ಹತ್ತಿ ಮದ್ದೂರಿಗೆ ಹೋದೆ. ಅಲ್ಲಿ ಪುಟ್ಟಾಚಾರಿ ಅಂತ ಒಬ್ಬ, ಬೀಗ, ಹೊಲಿಗೆ ಮಿಷನ್ನು, ಹಂದಿ ಬೆದರಿಸುವ ರೈತರ ಲೈಸೆನ್ಸ್ ಕೋವಿ, ಎಲ್ಲ ರಿಪೇರಿ ಮಾಡುವವನು. ಪಿಸ್ತೂಲು ಬಿಚ್ಚಿ ನೋಡಿ, ನನ್ನನ್ನೂ ನೋಡಿದ.

"ಯಾರು ಮೇಷ್ಟ್ರೇ ಇದ್ನ ಕುಯ್ದೋರು?"

"ನಮ್ಮ ಹುಡುಗರು ಯಾರೋ..." ಅಂದೆ.

"ಉಡುಗ್ರು ಇಂಗ್ ಕುಯ್ಯಾಕಿಲ್ಲ, ಓದ್ದೋರೇ ಕುಯ್ಯೋದು" ಅಂದ. "ಬಿಗಿ ಇದ್ದಿದ್ದು ಸ್ಪ್ರಿಂಗಲ್ಲಲ್ಲ ಕಣ್ ಮೇಷ್ಟ್ರೇ. ಒಳಗೆ ಕಬ್ಣ ಕಬ್ಣಕ್ಕೆ ಉಜ್ಕೊಂಡು ಒರಟಾಗಿತ್ತು. ಅದ್ನ ನುಣ್ಣಗ್ ಮಾಡ್ಬೇಕು. ಸ್ಪ್ರಿಂಗಿನ ಬಲ ಕ್ಯಾಪು ಒಡೆಯೋಕೆ ಇರ್ಲಿ ಬುಡಿ."

ಹೊಸ ಸ್ಪ್ರಿಂಗ್ ಹಾಕಿದ. ಆಮೇಲೆ ಅವನು ಮಾಡಿದ್ದು ನೋಡಿ ನಾನು ದಂಗಾದೆ. ಪಿಸ್ತೂಲನ್ನು ಬಾಯಿ ಮೇಲಾಗಿ ಗಟ್ಟಿ ಹಿಡಿದು, ಟ್ರಿಗರಿಗೊಂದು ಬಟ್ಟೆಚೀಲ ನೇತುಹಾಕಿ, ಅದರೊಳಗೆ ಒಂದೊಂದೇ ಬೆಲ್ಲದ ಅಚ್ಚು ಇಡುತ್ತ ಹೋದ. ಒಂಬತ್ತನೆಯದಕ್ಕೆ ಟ್ರಿಗರ್ ಬಿತ್ತು. ಮತ್ತೆ ಬಿಚ್ಚಿ, ಒಳಗಿನ ಆ ಒರಟು ತುಂಡನ್ನು ಎಣ್ಣೆಕಲ್ಲಿನ ಮೇಲೆ ಉಜ್ಜಿದ. ಉಜ್ಜುವಾಗ ಕಣ್ಣು ಮುಚ್ಚಿಕೊಂಡಿದ್ದ! ನಾಲ್ಕು ಸಲ ಉಜ್ಜುವುದು, ಹೆಬ್ಬೆರಳಲ್ಲಿ ಸವರುವುದು, ಮತ್ತೆ ಉಜ್ಜುವುದು. ಒಂಬತ್ತು ಏಳಾಯಿತು, ಏಳು ನಾಲ್ಕಾಯಿತು. ನಾನು ಚಪ್ಪಾಳೆ ತಟ್ಟಲು ಹೋದೆ, "ತಡೀರಿ" ಅಂದ. ಐವತ್ತು ಕ್ಯಾಪು ತಾನೇ ಹೊಡೆದ. ನಲವತ್ತೊಂಬತ್ತು ಹಾರಿದವು.

"ಸಾಕಲ್ಲ ಆಚಾರ್ರೇ!"

"ಆ ಒಂದ್ರಲ್ಲಿ ಒಂದ್ ಮಗ ನಿಂತಿದ್ರೆ?"

ಸಿದ್ದಮ್ಮನ ವಿಷಯ ನಾನು ಅವನಿಗೆ ಹೇಳಿಯೇ ಇರಲಿಲ್ಲ. ಮತ್ತೆ ಬಿಚ್ಚಿದ, ಒಂದು ಅಚ್ಚಿನಷ್ಟು ಭಾರ ವಾಪಸು ಕೊಟ್ಟ. ಐದು ಅಚ್ಚು. ಇನ್ನೈವತ್ತು ಹೊಡೆದ, ಐವತ್ತೂ ಹಾರಿದವು. ಆಮೇಲೆ ಆ ಚೀಲದಿಂದಲೇ ಒಂದು ಅಚ್ಚು ತೆಗೆದು ಮುರಿದು, ಒಂದು ಲೋಟ ನೀರಿನ ಜೊತೆ ನನ್ನ ಮುಂದಿಟ್ಟ. ಇಪ್ಪತ್ತು ವರ್ಷ ಲೆಕ್ಕ ಕಲಿಸಿದ ನಾನು, ಅಂಥ ಲೆಕ್ಕ ಎಲ್ಲೂ ಕಂಡಿರಲಿಲ್ಲ. ಕೈ ಮುಗಿದು ಬಂದೆ. ಉಳಿದಿದ್ದ ಕ್ಯಾಪು ಖರ್ಚಾದೀತೆಂದು ನಾನೊಂದೂ ಹೊಡೆದು ನೋಡಲಿಲ್ಲ.

ಎರಡನೇ ವರ್ಷದ ತಾಲ್ಲೂಕು ಪಂದ್ಯದ ದಿನ ಬಂತು. ಸಿದ್ದಮ್ಮ ಗೆರೆಗೆ ಬೆರಳೂರಿ ನನ್ನ ಕಡೆ ಒಮ್ಮೆ ನೋಡಿದಳು. 'ಹೆದರಬೇಡಮ್ಮ, ಈ ಸಲ ಎಲ್ಲ ಸರಿಯಾಗಿದೆ' ಅನ್ನುವ ಹಾಗೆ ತಲೆಯಾಡಿಸಿ, ಪಿಸ್ತೂಲೆತ್ತಿ, "ಆನ್ ಯುವರ್..." ಅಂದೆ. ಢಂ! ಹುಡುಗಿಯರು ಚೆಲ್ಲಾಪಿಲ್ಲಿಯಾದರು. ವಾಪಸು ಕರೆದು ನಿಲ್ಲಿಸಿದೆ. ಎರಡನೇ ಸಲ ಎಚ್ಚರವಾಗಿಯೇ ಇದ್ದೆ. 'ಮಾರ್ಕ್' ವರೆಗೂ ಬಂದೆ. ಢಂ! ಪಿಸ್ತೂಲು ರಿಪೇರಿಯಾಗಿತ್ತು, ಮೊದಲೇ ಹಲ್ಲು ಕಚ್ಚಿ ಒತ್ತುವ ನನ್ನ ಬೆರಳನ್ನು ಯಾವ ಆಚಾರಿಯೂ ಕಲ್ಲಿನ ಮೇಲೆ ಉಜ್ಜಿರಲಿಲ್ಲ.

ಎರಡು ಸಲವೂ ಗೆರೆ ಬಿಟ್ಟು ಕದಲದೆ ಇದ್ದವಳು ಸಿದ್ದಮ್ಮ ಒಬ್ಬಳೇ. ಕೂತಲ್ಲಿಂದಲೇ ತಲೆಯೆತ್ತಿ, "ಸಾ, ಎಲ್ಡ್ ಸಲ ಆಯ್ತಲ್ವಾ ಸಾ?" ಅಂದಳು.

ಮೈದಾನವೆಲ್ಲ ಗೊಳ್ಳೆಂದಿತು. ನಾನು, ಜನರನ್ನು ತಡೆಯಲು ಪಕ್ಕದಲ್ಲೇ ಹಗ್ಗ ಹಿಡಿದು ನಿಂತಿದ್ದ ನಮ್ಮ ಡ್ರಾಯಿಂಗ್ ಮೇಷ್ಟ್ರ ಕೈಗೆ ಪಿಸ್ತೂಲು ಕೊಟ್ಟು ಹೊರಗೆ ಹೋದೆ. ಕುಂಚ ಹಿಡಿಯುವ ಆ ಪುಣ್ಯಾತ್ಮ ಒತ್ತಿದ್ದೇ ಯಾರಿಗೂ ಗೊತ್ತಾಗಲಿಲ್ಲ. ಒಂದೇ ಢಂ. ಧೂಳು ಇಳಿದಾಗ ಸಿದ್ದಮ್ಮ ಆ ತುದಿಯಲ್ಲಿ ಒಬ್ಬಳೇ ಇದ್ದಳು. ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ.

ಏದುಸಿರು ಬಿಡುತ್ತ ನನ್ನ ಹತ್ತಿರವೇ ಓಡಿಬಂದಳು. "ಸಾ, ಮಂಡ್ಯಕ್ಕೆ ನೀವೂ ಬರ್ಲೇಬೇಕು ಸಾ."

"ಬರ್ತೀನಮ್ಮ, ಬರದೆ ಇರ್ತೀನಾ!" ಅಂದೆ.

"ಚಪ್ಪಾಳೆ ತಟ್ಟೋಕೆ ಸಾ" ಅಂದಳು.