ನಾನು ಹಿಡಿದ ಹದಿನಾಲ್ಕು ಕಲೆಗಳು

ಅಕ್ಕಿಯಲ್ಲಿ ಕಲ್ಲು, ಸೀರೆಯಲ್ಲಿ ಎಳೆ ಬಿಟ್ಟ ಜಾಗ, ನೆಂಟರ ಮಾತಿನಲ್ಲಿ ಕೊಂಕು, ಇವು ಯಾವುವೂ ನನ್ನ ಕಣ್ಣು ತಪ್ಪಿಸಿ ಹೋದದ್ದಿಲ್ಲ. ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸಿದ ಸಿಸ್ಟರ್ ನಾನು ಹಾಕಿದ ಕಾಜಾಗಳನ್ನು ಇಡೀ ತರಗತಿಗೆ ತೋರಿಸಿದ್ದರು. ಹಾಗಾಗಿ ದೊಡ್ಡಬಳ್ಳಾಪುರದ ನಮ್ಮ ಬೀದಿಯ ಸೂಕ್ಷ್ಮದೃಷ್ಟಿ ಖಾತೆ ನನ್ನದೇ ಎಂದು ನಂಬಿದ್ದೆ.

ಅಷ್ಟರಲ್ಲಿ ಪಕ್ಕದ ಮನೆಯ ಶಾಹೀನಾ ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಕೆಲಸಕ್ಕೆ ಸೇರಿದಳು. ಹೊಲಿದು ಬಂದ ಬಟ್ಟೆಯಲ್ಲಿ ದೋಷ ಹುಡುಕಿ ಅಲ್ಲಿಗೊಂದು ಬಾಣದ ಸ್ಟಿಕ್ಕರ್ ಅಂಟಿಸುವುದು ಅವಳ ಕೆಲಸ. ಒಂದು ಬೆಳಿಗ್ಗೆ ಗೇಟಿನ ಹತ್ತಿರ ನಮ್ಮ ಯಜಮಾನರನ್ನು ನಿಲ್ಲಿಸಿದಳು.

"ಅಣ್ಣ, ಮೂರನೇ ಗುಂಡಿಗೆ ದಾರ ಬೇರೆ ಹಾಕವ್ರಲ್ಲ. ಮಿಕ್ಕಿದ್ದೆಲ್ಲ ಬಿಳಿ, ಅದೊಂದು ಕೆನೆ ಬಣ್ಣ."

ಆ ಗುಂಡಿ ಹೊಲಿದವಳು ನಾನು.

"ನೋಡಿದ್ಯಾ ಸುಧಾ, ಕಣ್ಣು ಅಂದ್ರೆ ಅದು," ಎಂದರು ಯಜಮಾನರು. ಹದಿನೆಂಟು ವರ್ಷದಲ್ಲಿ ನನ್ನ ಕಣ್ಣಿನ ಬಗ್ಗೆ ಒಂದು ಮಾತನ್ನೂ ಆಡದ ಮಹಾನುಭಾವರು!

ಅದೇ ಕಾರ್ಖಾನೆಯಲ್ಲಿ ಇನ್ನೊಂದು ಜಾಗ ಖಾಲಿಯಿತ್ತು. ಶಾಹೀನಾಳನ್ನೇ ಕೇಳಿಕೊಂಡು ಒಂದು ದಿನದ ಟ್ರಯಲ್‌ಗೆ ಹೊರಟೆ.

"ಇದೆಲ್ಲ ಬೇಕಾ ನಿಂಗೆ?" ಎಂದರು ಯಜಮಾನರು.

"ಬೇಕು. ಕೆಲ್ಸ ಸಿಕ್ಕಿದ್ಮೇಲೆ ಗುಂಡಿ ನೀವೇ ಹೊಲ್ಕೊಳ್ಳಿ."

ಶಾಹೀನಾ ಮುಖಕ್ಕೆ ಪೌಡರನ್ನೂ ಹಚ್ಚದವಳು. ನಾನು ಮದುವೆಮನೆಗೆಂದು ಇಟ್ಟಿದ್ದ ಲಿಪ್‌ಸ್ಟಿಕ್ ತೆಗೆದು ಹಚ್ಚಿಕೊಂಡೆ.

ಮೇಜಿನ ಮೇಲೆ ಬಿಳಿ ಶರ್ಟುಗಳ ರಾಶಿ. "ಉಳಿದ ದಾರ ಕತ್ತರಿಸಿ ಮೇಡಂ, ಬೇರೆ ಏನೇ ಇದ್ರೂ ಸ್ಟಿಕ್ಕರ್ ಹಾಕಿ," ಎಂದರು ಸೂಪರ್‌ವೈಸರ್. ಪುಟ್ಟ ಕತ್ತರಿಯನ್ನು ಮೇಜಿಗೆ ದಾರ ಹಾಕಿ ಕಟ್ಟಿದ್ದರು. ಪ್ರತಿ ಸಲವೂ ಅದನ್ನು ಎಳೆದುಕೊಳ್ಳುವಷ್ಟರಲ್ಲಿ ಪಕ್ಕದ ಮೇಜಿನ ಶಾಹೀನಾ ಒಂದು ಶರ್ಟು ಮುಂದೆ ಹೋಗುತ್ತಿದ್ದಳು. ಮನೆಯಲ್ಲಿ ನನ್ನ ಕತ್ತರಿ ಯಾವುದು? ಹಲ್ಲು. ಕಾಲರಿನ ದಾರಗಳನ್ನು ಕಟಕ್ ಕಟಕ್ ಎಂದು ಕಚ್ಚಿ ಮುಗಿಸಿ, ಅವಳನ್ನು ಹಿಂದೆ ಹಾಕಿದೆ.

ಅಷ್ಟಕ್ಕೇ ಬಿಡಬೇಕಿತ್ತು. ನಿಖರತೆಯಲ್ಲೂ ಗೆಲ್ಲೋಣವೆಂದು ಮುಗಿಸಿದ ರಾಶಿಯನ್ನು ಮತ್ತೆ ನೋಡಿದೆ. ಕಾಲರುಗಳ ಮೇಲೆ ಕೆಂಪು ಕಲೆ! ಒಂದಲ್ಲ, ಹದಿನಾಲ್ಕು. ಎಲ್ಲಕ್ಕೂ ಬಾಣ ಅಂಟಿಸಿ ಸೂಪರ್‌ವೈಸರನ್ನು ಕರೆದೆ.

"ಸರ್, ತಪ್ಪು ತಿಳ್ಕೋಬೇಡಿ. ಹೊಲಿಯೋರಲ್ಲಿ ಯಾರೋ ಎಲೆಅಡಿಕೆ ಹಾಕ್ತಾರೆ ಅನ್ಸುತ್ತೆ."

ಹೊಲಿಗೆಯ ಸಾಲು ನಿಂತಿತು. ಮೂವತ್ತು ಜನ ಹೆಂಗಸರು ಅಂಗೈ ತೋರಿಸಿದರು, ಆಮೇಲೆ ನಾಲಿಗೆ ತೋರಿಸಿದರು. ಎಲ್ಲವೂ ಶುಭ್ರ. ಶಾಹೀನಾ ಒಂದು ಕಾಲರ್ ನೋಡಿದಳು, ನನ್ನ ಮುಖ ನೋಡಿದಳು. ಕಿವಿಯ ಹತ್ತಿರ ಬಂದು ಮೆಲ್ಲಗೆ ಹೇಳಿದಳು:

"ಅಕ್ಕಾ, ತುಟಿ ಒರೆಸ್ಕೊಳ್ಳಿ."

ಅವಳು ಮೆಲ್ಲಗೇ ಹೇಳಿದ್ದು. ಮೂವತ್ತೂ ಜನರಿಗೆ ಕೇಳಿಸಿತು.

ಸೂಪರ್‌ವೈಸರ್ ಒಳ್ಳೆಯವರು, ಬೈಯಲಿಲ್ಲ. "ನಿಮ್ಮ ಕಣ್ಣಿಗೆ ಕೆಲ್ಸ ಕೊಡ್ಬೋದು ಮೇಡಂ. ಆದ್ರೆ ಅದ್ರ ಜೊತೆ ಬಾಯಿನೂ ಬರುತ್ತಲ್ಲ," ಎಂದು ಕೈ ಮುಗಿದರು.

ನಾನು ಬ್ಯಾಗು ತೆಗೆದುಕೊಂಡೆ. ಕೆಲಸ ಹೋದರೇನು, ಹದಿನಾಲ್ಕಕ್ಕೆ ಹದಿನಾಲ್ಕನ್ನೂ ಹಿಡಿದವಳು ನಾನೇ ತಾನೆ ಎಂಬ ಸಮಾಧಾನ ಒಳಗೊಳಗೇ ಇತ್ತು. ಶಾಹೀನಾ ನನ್ನ ರಾಶಿಯನ್ನು ಒಂದು ಸಲ ತಿರುವಿದಳು. ಒಂದು ಕಾಲರನ್ನು ಮಗುಚಿ, ಅದರ ಒಳಮೈಗೆ ಬಾಣ ಅಂಟಿಸಿದಳು.

"ಹದಿನೈದು ಅಕ್ಕಾ."