ಗುರುತು ಎಲ್ಲಿ ಹೋತು?

ಜಟ್ಟೆಪ್ಪ: ನನ್ನ ಹೊಲಿಗಿ ಮಷೀನ ಎಲ್ಲೈತಿ? ಮೊದಲ ಅದನ್ನ ಹೇಳು!

ಪ್ರಣಿತಾ: ನನ್ನ ಕೇಳಿದ್ರ ಹೆಂಗ್ರಿ ಕಾಕಾ? ನೀವು ತಂದಿದ್ರ ಇರತಿತ್ತು.

(ಮುನವಳ್ಳಿಯಲ್ಲಿ ಪ್ರಣಿತಾಳ ಕಂಪ್ಯೂಟರ್ ಟೈಪಿಂಗ್, ಪ್ರಿಂಟಿಂಗ್ ಅಂಗಡಿ. 2005ನೆಯ ಇಸವಿ, ಪಂಚಾಯತಿ ಚುನಾವಣೆಗೆ ಇನ್ನು ಮೂರೇ ದಿನ. ಪಕ್ಕದ ಹಳ್ಳಿಯಲ್ಲಿ ನಿಂತಿರುವ ಜಟ್ಟೆಪ್ಪನ ಗುರುತು ಹೊಲಿಗೆ ಯಂತ್ರ. ಬೆಳಿಗ್ಗೆ ಕರಪತ್ರದ ಕಟ್ಟನ್ನು ಒಯ್ದವನು ಕಣ್ಣೆತ್ತಿಯೂ ನೋಡದೆ ಊರೆಲ್ಲ ಹಂಚಿಸಿಬಿಟ್ಟಿದ್ದ. ಈಗ ಉಳಿದದ್ದೊಂದನ್ನು ಅವಳ ಮೂಗಿನ ಮುಂದೆ ಆಡಿಸುತ್ತಿದ್ದಾನೆ. ಅವನ ಹೆಸರಿನ ಕೆಳಗೆ ಖಾಲಿ ಚೌಕ. ಅದರೊಳಗೆ ಒಂದು ಕಾಟು, ತಪ್ಪಿಗೆ ಹಾಕುವಂಥ × ಗೆರೆ.)

ಜಟ್ಟೆಪ್ಪ: ಸವದತ್ತಿ ಇಂಟರ್ನೆಟ್ ಅಂಗಡ್ಯಾಗ ನಾನ ಸ್ವತಃ ಕುಂತು ತಗದೇನಿ. ಕಾಪಿ ಒತ್ತಿದೆ, ಪೇಸ್ಟ್ ಒತ್ತಿದೆ, ಮಷೀನ ಬಂದು ಕುಂತಿತು. ಫ್ಲಾಪಿ ಕಿಸೆದಾಗ ಇಟಗೊಂಡು ಬಂದೆ. ನಡುವ ಯಾರ ಕದ್ರು?

ಪ್ರಣಿತಾ: ಮಷೀನ ಬಂದ ಇಲ್ರಿ, ಅದರ ಅಡ್ರೆಸ್ ಬಂದೈತಿ. ಚಿತ್ರ ಇನ್ನೂ ಆ ವೆಬ್‌ಸೈಟಿನಾಗ ಐತಿ. ಅಲ್ಲೆ ಇಂಟರ್ನೆಟ್ ಇತ್ತು, ಕಂಡಿತು. ಇಲ್ಲೆ ಇಲ್ಲ, ಚಿತ್ರ ಸಿಗಲಿಲ್ಲಂತ ಕಂಪ್ಯೂಟರ್ ಅಲ್ಲೆ ಕಾಟು ಹಾಕೇತಿ. ಎಮ್ಮಿ ತರತೇನಂತ ಸಂತಿಗೆ ಹೋಗಿ, ಎಮ್ಮಿ ಮಾರಾಂವನ ಊರ ಹೆಸರ ಬರಕೊಂಡು ಬಂದೀರಿ.

ಜಟ್ಟೆಪ್ಪ: ನನಗ ಕಲಸ್ತಿಯೇನು? ಮೂರ ದಿನದ ಕೋರ್ಸ್ ಮಾಡೇನಿ ನಾ!

ಪ್ರಣಿತಾ: ಕಾಪಿ ಒಂದ ದಿನ, ಪೇಸ್ಟ್ ಒಂದ ದಿನ. ಮೂರನೇ ದಿನ ಏನ ಕಲತ್ರಿ?

ಜಟ್ಟೆಪ್ಪ: ಅವತ್ತ ಸರ್ಟಿಫಿಕೇಟ್ ಕೊಟ್ರು.

ಪ್ರಣಿತಾ: ಅಲ್ರಿ, ನಿನ್ನೆ ಹೊಡಿಯೂಕಿಂತ ಮೊದಲ ಹೇಳಲಿಲ್ಲೇನು, ಗುರುತು ಕಾಣವಲ್ದು ಅಂತ? ನೀವು ಏನಂದ್ರಿ?

ಜಟ್ಟೆಪ್ಪ: ಏನಂದೆ?

ಪ್ರಣಿತಾ: "ನಿನ್ನ ಡಬ್ಬಿಗೆ ಕಣ್ಣ ಮಂಜಾಗ್ಯಾವು. ಕಾಗದದ ಮ್ಯಾಲೆ ತಾನ ಮೂಡತೈತಿ. ಇದ್ದದ್ದು ಇದ್ದಾಂಗ ಹೊಡಿ." ಇದ್ದದ್ದು ಇದ್ದಾಂಗ ಹೊಡದೇನಿ.

ಜಟ್ಟೆಪ್ಪ: ಸುಳ್ಳು! ನನ್ನ ಎದುರ ನಿಂತಾನಲ್ಲ ಲಗಮಣ್ಣ, ಅಂವನ ನಿನ್ನ ಕಿವಿ ಊದ್ಯಾನ.

ಪ್ರಣಿತಾ: ಲಗಮಣ್ಣ ಯಾಕ ಬೇಕ್ರಿ? ನಿಮ್ಮನ್ನ ಕೆಡವಾಕ ನೀವ ಸಾಕು.

(ಜಟ್ಟೆಪ್ಪ ಸ್ಟೂಲಿನ ಮೇಲೆ ಕುಸಿದ. ಹಂಚಿದ್ದನ್ನು ಮನೆಮನೆಗೆ ಹೋಗಿ ಕಸಿದುಕೊಂಡು ಬರುವಂತಿಲ್ಲ. ಅಷ್ಟರಲ್ಲಿ ಪೇಟೆಗೆ ಬಂದಿದ್ದ ಅವನೂರಿನ ಮುದುಕಿ ಶಟ್ಟೆವ್ವ ಅವನನ್ನು ಕಂಡು ಒಳಗೆ ಬಂದಳು. ಕೈಯಲ್ಲಿ ಅದೇ ಕರಪತ್ರ.)

ಶಟ್ಟೆವ್ವ: ಜಟ್ಟೆಪ್ಪಾ, ಭಾರಿ ಮನಷ್ಯಾ ನೀ! ಓಣಿ ತುಂಬ ನಿಂದ ಮಾತು.

ಜಟ್ಟೆಪ್ಪ: ನಗ ಆಯಿ, ನೀನೂ ನಗು. ನೀ ಒಬ್ಬಾಕಿ ಉಳದಿದ್ದಿ.

ಶಟ್ಟೆವ್ವ: ನಗೂದ್ಯಾಕ? ಇಷ್ಟ ವರ್ಷ ಬಂದಾವ್ರೆಲ್ಲಾ ನನಗ ಹಾಕ್ರಿ, ನನಗ ಹಾಕ್ರಿ ಅಂತಿದ್ರು. "ನಾ ಏನೂ ಕೆಲಸಕ್ಕ ಬರಾಂವಲ್ಲ, ನನ್ನ ಬಿಡ್ರಿ" ಅಂತ ತನಗ ತಾನ ಕಾಟು ಹೊಡಕೊಂಡು ಹಂಚಿದಾಂವ ನೀ ಒಬ್ಬನ. ಹಾಕಿದ್ರ ಇಂಥಾ ಖರೇ ಮನಷ್ಯಾಗ ಹಾಕಬೇಕಂತ ಹೆಣಮಕ್ಕಳೆಲ್ಲಾ ಮಾತಾಡಾಕ ಹತ್ತ್ಯಾರ.

(ಜಟ್ಟೆಪ್ಪ ಎದ್ದು ನಿಂತ. ಹೆಗಲ ಮೇಲಿನ ಟವೆಲ್ಲು ಕೊಡವಿದ.)

ಜಟ್ಟೆಪ್ಪ: ಪ್ರಣಿತಾ, ಇನ್ನೊಂದ ಇನ್ನೂರ ಹೊಡಿ.

ಪ್ರಣಿತಾ: ಚಿತ್ರ ಕೂಡಸಲೇನ್ರಿ?

ಜಟ್ಟೆಪ್ಪ: ಹುಚ್ಚಿಯೇನ? ಕಾಟು ಇದ್ದದ್ದ ಹೊಡಿ! ಬೇಕಂತ ಹಾಕಿದ್ದು ಅದು. ನಿನಗ ಕಂಪ್ಯೂಟರ್ ತಿಳೀತೈತಿ, ರಾಜಕೀಯ ತಿಳಿಯೂದಿಲ್ಲ.

ಶಟ್ಟೆವ್ವ: ನಾವೆಲ್ಲಾ ನಿನಗ ಹಾಕತೇವಪಾ. ಒಂದ ಹೇಳಿಬಿಡು. ಓಟಿನ ಚೀಟ್ಯಾಗ ಈ ಕಾಟಿನ ಗುರುತು ಎಷ್ಟನೇದು?