ಕುಡಿದದ್ದು, ಕುಡಿಯುತ್ತಿದ್ದದ್ದು

ಹೋಳೂರಿನಲ್ಲಿ ಎರಡನೇ ಕ್ಲಾಸು ಓದಿದವಳು ನಾನು. ಇಂಗ್ಲಿಷ್ ಏನು ಮಹಾ, ಹತ್ತು ಮಾತು ಕಲಿತರೆ ಆಯಿತು ಅಂದುಕೊಂಡೇ ಮಾಲೂರಿನ ಒಂದು ಚಿಕ್ಕ ಆಸ್ಪತ್ರೆಗೆ ಆಯಾ ಕೆಲಸಕ್ಕೆ ಸೇರಿದೆ. ಜರ್ಮನಿ ಯುದ್ಧ ಶುರುವಾಗಿದ್ದ ಕಾಲ. ಗಂಡ ಸತ್ತಿದ್ದ. ತವರಿನಲ್ಲಿ ಅತ್ತಿಗೆ ಹಾಕಿದ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆಸ್ಪತ್ರೆಯವರು ಒಂದು ತಿಂಗಳು ನೋಡುತ್ತೇವೆ, ಸರಿಹೋದರೆ ಕೆಲಸ, ಇಲ್ಲದಿದ್ದರೆ ಊರಿಗೆ ಅಂದಿದ್ದರು.

ಡಾಕ್ಟರು ದೊರೆಸಾನಿ. ಕನ್ನಡ ಬಾರದು. ದಿನಾ ಬೆಳಿಗ್ಗೆ ಯಾರ್ಯಾರು ಗಂಜಿ ಕುಡಿದರು ಅಂತ ನಾನು ಇಂಗ್ಲಿಷಿನಲ್ಲಿ ವರದಿ ಒಪ್ಪಿಸಬೇಕು. ಅದನ್ನು ಕೇಳಿ ಅವರು ಔಷಧಿ ಕೊಡಿಸುವುದು. ನನಗೆ ಕಲಿಸಿದವಳು ಹೆಡ್ ನರ್ಸು ಸಾಲೋಮಮ್ಮ, ಮುಳಬಾಗಿಲ ಕಡೆಯವಳು. ಅಂಥ ಹೆಂಗಸು ಇನ್ನೊಬ್ಬಳನ್ನು ನಾನು ಕಂಡಿಲ್ಲ. ಗಾಯ ಕಟ್ಟುತ್ತಾ ಕಟ್ಟುತ್ತಲೇ ನನಗೆ ಪಾಠ.

"ನೋಡೇ, ಬಟ್ಟಲು ಖಾಲಿ ಇದ್ರೆ ಡ್ರ್ಯಾಂಕ್. ನೀನು ನೋಡಿದಾಗ ಇನ್ನೂ ಕುಡೀತಾ ಇದ್ರೆ ವಾಸ್ ಡ್ರಿಂಕಿಂಗ್. ತಿಳೀತಾ?"

"ತಿಳೀದೆ ಏನಕ್ಕ," ಅಂದೆ.

ತಿಳಿದಿತ್ತು. ಬಾಯಿಗೆ ಬರಲಿಲ್ಲ, ಅಷ್ಟೆ. ನಮ್ಮ ಮನೆಗಳಲ್ಲಿ ದೊಡ್ಡವರು "ಅಡುಗೆ ಆಯ್ತೇನೇ" ಅಂದರೆ ಒಲೆ ಹಚ್ಚದಿದ್ದರೂ "ಆಯ್ತು" ಅನ್ನಬೇಕು. "ಮಾಡ್ತಾ ಇದೀನಿ" ಅಂದವಳು ಸೋಮಾರಿ. ಹಾಗಾಗಿ ಮೊದಲ ದಿನದ ವರದಿಯಲ್ಲಿ ಎಂಟು ಮಂಚಕ್ಕೂ ಡ್ರ್ಯಾಂಕ್ ಅಂದೆ. ದೊರೆಸಾನಿ "ಗುಡ್" ಅಂದರು. ನಾನು ಬೀಗಿದೆ.

ಜವಾನ ಬಟ್ಟಲುಗಳನ್ನು ತೊಳೆಯಲು ಎತ್ತತೊಡಗಿದ. ಕೊನೆಯ ಮಂಚದ ರೋಗಿ, ಬೈರಕೂರಿನ ಮುನಿಯಪ್ಪ ಮಾತ್ರ ತನ್ನ ಬಟ್ಟಲನ್ನು ಎದೆಗೆ ಅವಚಿಕೊಂಡು ಕೂತ.

"ಏಮ್ಮಾ, ಎರಡು ಗುಟುಕು ಕೂಡ ಇಳಿದಿಲ್ಲ. ಕುಡಿದಾಯ್ತು ಅಂತ ಹೇಳ್ದೋರು ಯಾರು?"

"ನಾನೇ."

"ಹಂಗಾದ್ರೆ ನೀನೇ ಕುಡಿದಿರ್ಬೇಕು ಬಿಡು."

ಸಾಲೋಮಮ್ಮ ಚೆನ್ನಾಗಿ ಬೈದಳು. ಇನ್ನು ಮೇಲೆ ಸುಳ್ಳು ಹೇಳಬಾರದು ಅಂತ ನಾನು ತೀರ್ಮಾನ ಮಾಡಿದೆ. ಡ್ರ್ಯಾಂಕ್ ಅನ್ನುವುದು ನಿಜವಾಗಬೇಕಾದರೆ ಗಂಜಿ ಮುಗಿದಿರಬೇಕು, ಅಷ್ಟೇ ತಾನೆ!

ಮಾರನೆಯ ದಿನ ದೊರೆಸಾನಿಯ ಬೂಟಿನ ಸದ್ದು ಬಾಗಿಲ ಹತ್ತಿರ ಬಂತು. ಏಳು ಜನ ಮುಗಿಸಿದ್ದರು. ಮುನಿಯಪ್ಪ ಇನ್ನೂ ಗಂಜಿ ಊದುತ್ತಾ ಕೂತಿದ್ದ. ಓಡಿಹೋಗಿ ಅವನ ಗಲ್ಲ ಹಿಡಿದೆ. ಕರುವಿಗೆ ಬಿದಿರಿನ ಗೊಟ್ಟದಲ್ಲಿ ಕಷಾಯ ಹುಯ್ಯುವ ಹಾಗೆ ಗಂಜಿ ಹುಯ್ದೆ.

ಅವನು ಕೆಮ್ಮಿದ. ಗಂಜಿಯೆಲ್ಲ ದೊರೆಸಾನಿಯ ಬಿಳಿ ಕೋಟಿನ ಮೇಲೆ.

"ಡ್ರ್ಯಾಂಕ್," ಅಂತ ವರದಿ ಒಪ್ಪಿಸಿದೆ.

ದೊರೆಸಾನಿ ಬಾಗಿಲ ಕಡೆ ಬೆರಳು ತೋರಿಸಿದರು. ಅದು ತಿಳಿಯಲು ಇಂಗ್ಲಿಷ್ ಬೇಕಿರಲಿಲ್ಲ. ನನ್ನ ಬಟ್ಟೆ ಗಂಟು ತರಲು ಹೊರಟೆ.

ಸಾಲೋಮಮ್ಮ ಅಡ್ಡ ಬಂದು ನಿಂತಳು. ತಲೆ ತಗ್ಗಿಸದೆ ದೊರೆಸಾನಿಗೆ ಏನೋ ಒಂದು ಮಾತು ಹೇಳಿದಳು. ದೊರೆಸಾನಿ ಕೋಟು ಒರೆಸಿಕೊಂಡು ಮುಂದಿನ ಮಂಚಕ್ಕೆ ಹೋದರು.

"ಏನಂದ್ಯಕ್ಕಾ?"

"ಐ ವಾಸ್ ಟೀಚಿಂಗ್ ಹರ್ ಅಂದೆ. ಕಲಿಸ್ತಾ ಇದ್ದೆ, ಮುಗಿದಿಲ್ಲ ಅಂತ. ಕಲಿಸಾಯ್ತು ಅಂದಿದ್ರೆ ಈವತ್ತೇ ನಿನ್ನ ಊರಿಗೆ ಕಳಿಸ್ತಿದ್ರು. ಹೋಗು, ನೆಲ ಒರೆಸು."

ಕಲಿಸಿದೆ, ಅವಳಿಗೆ ಹತ್ತಲಿಲ್ಲ ಅಂದು ಕೈ ತೊಳೆದುಕೊಳ್ಳಬಹುದಿತ್ತು ಆಕೆ. ತಪ್ಪನ್ನು ತನ್ನ ತಲೆಯ ಮೇಲೆ ಎಳೆದುಕೊಂಡಳು.

ಕೆಲಸ ಉಳಿಯಿತು. ಹನ್ನೊಂದು ವರ್ಷ ಅಲ್ಲೇ ಇದ್ದೆ. ದೊರೆಸಾನಿ ನನ್ನ ಇಂಗ್ಲಿಷಿನ ವಿಷಯ ಎತ್ತಿದಾಗಲೆಲ್ಲ ಸಾಲೋಮಮ್ಮ ಕಲಿಸ್ತಾ ಇದ್ದೆ ಅನ್ನುವ ಆ ಒಂದೇ ಮಾತು ಹೇಳುತ್ತಿದ್ದಳು. ಅದನ್ನು ಬದಲಾಯಿಸುವ ತೊಂದರೆಯನ್ನು ನಾನು ಆಕೆಗೆ ಕೊಡಲೇ ಇಲ್ಲ.